ಪಂಚಾಕ್ಷರಪ್ಪನವರ ಬಲಗಿವಿ

ಪತ್ರಿಕೆ ತನುಜಾಳ ಕೈಯಿಂದ ಜಾರಿ ರೊಟ್ಟಿ ಹಿಟ್ಟಿನ ಮೇಲೆ ಬಿತ್ತು.

“ಏನೇ ಅದು, ಹಿಟ್ಟಿಗೂ ಓದು ಕಲಿಸ್ತೀಯಾ?” ಎಂದು ತಾಯಿ ಪ್ರೇಮಮ್ಮ ರೇಗಿದರು.

ತನುಜಾ ಪತ್ರಿಕೆ ಎತ್ತಿಕೊಂಡಳು. ಹಿಟ್ಟು ಕೊಡವಿ ಆ ಸಾಲನ್ನು ಮತ್ತೆ ಓದಿದಳು. ‘ತಮ್ಮ ಬಲಗಿವಿಯ ನೋವು ಈಗ ಹೇಗಿದೆ? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಟ್ಟು ನೋಡಬಾರದೇ?’

ಬರೆದವಳು ಮಲ್ಲಿಕಾಂಬ, ತನುಜಾಳ ಮುತ್ತಜ್ಜಿ. ಅಜ್ಜಂಪುರದ ಇದೇ ಮನೆಯಲ್ಲಿ ಕೂತು ಕಥೆ ಬರೆದು, ನೂರು ವರ್ಷಕ್ಕೂ ಹಿಂದೆ ತೀರಿಕೊಂಡವಳು. ಕೇಳುತ್ತಿದ್ದುದು ಆ ಕಥೆಗಳನ್ನು ಅಚ್ಚು ಹಾಕುತ್ತಿದ್ದ ಕಡೂರಿನ ವಾರಪತ್ರಿಕೆಯ ಸಂಪಾದಕ ಪಂಚಾಕ್ಷರಪ್ಪನವರನ್ನು. ಅವರೂ ಆ ಕಾಲಕ್ಕೇ ಹೋದವರು. ಅದೆಲ್ಲ ಸರಿ. ಆದರೆ ಪಂಚಾಕ್ಷರಪ್ಪನವರಿಗೆ ಕಿವಿನೋವು ಬಂದದ್ದೇ ಹೋದ ವಾರ. ಅದನ್ನು ಹುಟ್ಟಿಸಿದವಳು ತನುಜಾ.

ತರೀಕೆರೆಯ ಷಡಕ್ಷರಿ ತನ್ನ ಭಾನುವಾರದ ಪತ್ರಿಕೆಯಲ್ಲಿ ಆ ಇಬ್ಬರ ಹಳೆಯ ಕಾಗದಗಳನ್ನು ಹಾಕುತ್ತಿದ್ದ. ಒಬ್ಬರು ಬರೆದದ್ದು ಇನ್ನೊಬ್ಬರ ಮನೆಯಲ್ಲಿ ತಾನೇ ಉಳಿಯುವುದು? ಸಂಪಾದಕರ ಕಾಗದಗಳು ತನುಜಾಳ ಮನೆಯ ಅಟ್ಟದಲ್ಲಿದ್ದವು. ಮಲ್ಲಿಕಾಂಬಳವು ಕಡೂರಿನಲ್ಲಿ, ಸಂಪಾದಕರ ಮೊಮ್ಮಗ ಗುರುಮೂರ್ತಿಯವರ ಹತ್ತಿರ. ಮುಟ್ಟಿದರೆ ಪುಡಿಯಾಗುವಂಥವು. ಹಾಗಾಗಿ ಇಬ್ಬರೂ ನಕಲು ಮಾಡಿ ತರೀಕೆರೆಗೆ ಕಳಿಸುತ್ತಿದ್ದರು. ಒಂದು ವಾರ ಈ ಕಡೆಯದು, ಮರುವಾರ ಆ ಕಡೆಯದು. ಇವರದ್ದನ್ನು ಅವರು, ಅವರದ್ದನ್ನು ಇವರು ಅಚ್ಚಾದ ಮೇಲೆಯೇ ಓದುವುದು.

ಕೆಳಗೆ ‘ಸಂಗ್ರಹ: ತನುಜಾ’ ಎಂದು ಬರುತ್ತಿತ್ತು. ಹಗಲೆಲ್ಲ ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ತನ್ನ ಹೆಸರನ್ನು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು. ಹಾಗಿರುವಾಗ ಒಂದು ದಿನ ಕಾಗದದ ಕಟ್ಟಿನ ಅಡಿಗೆ ಕೈಹಾಕಿದರೆ ಬರೀ ಗೆದ್ದಲಿನ ಮಣ್ಣು. ಷಡಕ್ಷರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಓದಿ ಓದಿ ಸಂಪಾದಕರ ಮಾತಿನ ವರಸೆ ಕೈಗೆ ಹತ್ತಿತ್ತು. ಒಂದೇ ಒಂದು ಎಂದುಕೊಂಡು ತಾನೇ ಬರೆದಳು. ಆಮೇಲೆ ಇನ್ನೊಂದು, ಮತ್ತೊಂದು. ಕಡೂರಿನ ಉತ್ತರಗಳು ಹೇಗೋ ಹೊಂದಿಕೊಂಡವು. ಪುಣ್ಯ ಎಂದುಕೊಂಡಳು. ಮೊನ್ನೆಯದರಲ್ಲಿ, ನಿಜದಂತೆ ಕಾಣಲಿ ಎಂದು, ಕಿವಿನೋವು ಸೇರಿಸಿದ್ದಳು.

ಈಗ ಸತ್ತವಳು ಮದ್ದು ಹೇಳುತ್ತಿದ್ದಾಳೆ.

ಅವಳು ಗುರುಮೂರ್ತಿಯವರಿಗೆ ಫೋನು ಮಾಡಿದಳು. “ನಿಮ್ಮಲ್ಲಿ ಇನ್ನೂ ಎಷ್ಟು ಕಾಗದ ಇವೆ ಸಾರ್?”

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. “ನಿಮ್ಮ ಕಡೆಯಿಂದ ಬರ್ತಾ ಇದ್ರೆ ನಮ್ಮ ಕಡೆಯಿಂದ್ಲೂ ಬತ್ತವೆ ಕಣಮ್ಮ. ಯಾಕೆ? ಏನಾದ್ರೂ ಆಯ್ತಾ?”

“ಏನಿಲ್ಲ ಸಾರ್.”

“ಇಲ್ಲೂ ಏನಿಲ್ಲ” ಎಂದು ಅವಳು ಕೇಳದಿದ್ದರೂ ಹೇಳಿ ಅವರು ಫೋನಿಟ್ಟರು.

ತನುಜಾಳಿಗೆ ಅನ್ನ ಸೇರಲಿಲ್ಲ. ಬರೆಯಲು ಕೂತರೆ ಹೆಗಲ ಹಿಂದೆ ಯಾರೋ ನಿಂತು ಓದಿಕೊಂಡಂತಾಗಿ ಕತ್ತು ತಣ್ಣಗಾಗುತ್ತಿತ್ತು. ಕೊನೆಗೆ ಪರೀಕ್ಷೆ ಮಾಡಿಯೇಬಿಡೋಣ ಎಂದು ಸಂಪಾದಕರ ಹೆಸರಿನಲ್ಲಿ ಬರೆದಳು: ‘ತಮ್ಮ ಕೋಣೆಯ ಕಿಟಕಿಯಿಂದ ಈಗ ಏನು ಕಾಣುತ್ತಿದೆ? ದಯಮಾಡಿ ತಿಳಿಸಬೇಕು.’

ಉತ್ತರ ಅಚ್ಚಾಗಿ ಬಂದ ಭಾನುವಾರ ಅವಳು ಪತ್ರಿಕೆಯನ್ನು ಅಂಗಳದ ಬಿಸಿಲಿನಲ್ಲಿ ನಿಂತು ಬಿಡಿಸಿದಳು.

‘ಕಿಟಕಿಯಿಂದ ಏನೂ ಕಾಣದು. ಕತ್ತಲೆ. ಮಹನೀಯರೇ, ಇದನ್ನು ಬರೆಯುತ್ತಿರುವವರು ತಾವೇ ಹೌದೋ? ಹೋದವರು ಹೀಗೆ ಬರೆಯುವುದುಂಟೇ? ನನಗೆ ಭಯವಾಗುತ್ತಿದೆ.’

ಮಲ್ಲಿಕಾಂಬಳ ಕೋಣೆಯ ಕಿಟಕಿಗೆ ಅಜ್ಜನ ಕಾಲದಲ್ಲೇ ಇಟ್ಟಿಗೆ ಕಟ್ಟಿ ಮುಚ್ಚಿದ್ದರು.

ಫೋನು ಬಡಿದುಕೊಂಡಿತು. ಷಡಕ್ಷರಿ. “ತನುಜಮ್ಮ, ಓದಿದ್ರಾ? ಮೈ ಜುಂ ಅಂತದೆ ಕಣ್ರೀ! ಲಕ್ಕವಳ್ಳಿಯಿಂದೆಲ್ಲ ಫೋನು. ಈ ಕಾಗದಗಳ್ನೆಲ್ಲ ಸೇರಿಸಿ ಪುಸ್ತಕ ಮಾಡ್ತಿದೀನಿ, ನಾಳೆ ಬೆಳಗ್ಗೆ ಅಚ್ಚಿಗೆ. ರಟ್ಟಿನ ಮೇಲೆ ನಿಮ್ಮ ಹೆಸ್ರು.”

ನಾಳೆ ಬೆಳಗ್ಗೆ. ಆಮೇಲೆ ಅಳಿಸುವುದಕ್ಕಿಲ್ಲ. ತಾನು ಕಟ್ಟಿದ ಸುಳ್ಳು ಪುಸ್ತಕವಾಗುತ್ತದೆ. ಮಲ್ಲಿಕಾಂಬ ಯಾರೋ ತಿಳಿಯದವರಿಗೆ ಹೆದರಿಕೊಂಡು ಉತ್ತರ ಬರೆಯುತ್ತಲೇ ಇರುತ್ತಾಳೆ. ತನುಜಾ ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು.

ಪ್ರೇಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಸತ್ತೋರ ಬಾಯಲ್ಲಿ ಮಾತು ತುರುಕಿದ್ರೆ ಸುಮ್ನೆ ಇರ್ತಾರೇನೇ? ಏಳು. ಕಡೂರಿಗೋಗಿ ಆ ಯಜಮಾನ್ರಿಗೆ ಮೊದ್ಲು ಹೇಳು, ಅವ್ರ ತಾತನ ಹೆಸ್ರು ಅದು. ಆಮೇಲೆ ಆ ಷಡಕ್ಷರಿಗೆ. ಹೆಸ್ರು ಹೋದ್ರೆ ಹೋಯ್ತು ಬಿಡು, ಇನ್ನೂ ವಯಸ್ಸಿದೆ.”

ಮಧ್ಯಾಹ್ನದ ರೈಲಿಗೆ ಹೊರಟಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದಳು, ಕೆಡವಿದಳು. ಬೀರೂರಿನಲ್ಲಿ ರೈಲು ನಿಂತಾಗ ಇಳಿದು ವಾಪಸ್ಸು ಹೋಗೋಣವೆನ್ನಿಸಿತು. ಇಳಿಯಲಿಲ್ಲ.

ಕಡೂರಿನ ಆ ಮನೆಯಲ್ಲಿ ಹಾಡಹಗಲೇ ದೀಪಗಳೆಲ್ಲ ಉರಿಯುತ್ತಿದ್ದವು. ಬಾಗಿಲು ತೆರೆದ ಗುರುಮೂರ್ತಿಯವರ ಹಣೆಯಲ್ಲಿ ಈಗಷ್ಟೇ ಬಳಿದ ವಿಭೂತಿ ಹಸಿಹಸಿಯಾಗಿತ್ತು. ಎಪ್ಪತ್ತು ದಾಟಿದ ಮನುಷ್ಯ. ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನವಾದ ಮುಖ. ನಡುಮನೆಯಲ್ಲಿ ಸಂಪಾದಕರ ದೊಡ್ಡ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದರು.

“ಸಾರ್, ನಾನೊಂದು ತಪ್ಪು ಮಾಡಿದೀನಿ” ಎಂದು ಅವಳು ನಿಂತಲ್ಲೇ ಶುರುಮಾಡಿದಳು.

“ನಿಮ್ದು ಆಮೇಲೆ ಇರ್ಲಿ ತಾಯಿ, ಕೂತ್ಕಳಿ. ನಾನೇ ನಿಮ್ಮನೇಗೆ ಹೊರಟಿದ್ದೆ.” ಅವರು ಬಾಗಿಲು ಮುಂದೆ ಮಾಡಿ, ಪಟದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ಕೈ ಮುಗಿದರು.

“ಮಲ್ಲಿಕಾಂಬನೋರ ಕಾಗದ ನಮ್ಮಲ್ಲಿ ಯಾವತ್ತೋ ಮುಗಿದೋದ್ವು ಕಣಮ್ಮ, ಈಚಿನವೆಲ್ಲ ನಾನೇ ಬರೆದು ಕಳಿಸಿದ್ದು, ಅದಕ್ಕೆ ನಮ್ಮ ತಾತ ತಪ್ಪದೆ ಉತ್ತರ ಕೊಡ್ತಾ ಅವ್ರೆ!”