ನೇರಳೆ ಬಂಡೆ

ಅಂಬಿಕಾಳ ಊಟದ ಚೀಲದಲ್ಲಿ ಸಿಕ್ಕ ಪುಟ್ಟ ಸೀಸೆಯನ್ನು ರೂಪಲಪ್ಪ ಕಿಟಕಿಯ ಬೆಳಕಿಗೆ ಹಿಡಿದ. ಒಳಗೆ ಗಾಢ ನೇರಳೆ ದ್ರವ.

“ಏನಿದು?”

“ವಾಟರ್ ಕಲರ್ರಿ. ಹೊಸಾ ನಮೂನಿ ಬಂದೈತಿ. ಕಲಸೂದು ಬ್ಯಾಡ, ಸೀದಾ ಹನಿ ಹಾಕೂದು.”

“ನಾ ತರಲಾರದ ಬಣ್ಣ ನನ್ನ ಅಂಗಡ್ಯಾಗ ಹೆಂಗ ಬಂತು?”

ಅವನ ಸಂಶಯಕ್ಕೆ ಕಾರಣವಿತ್ತು. ಗೋವಾದ ಮಡಗಾಂವದಲ್ಲಿ, ಮೋತಿ ಡೊಂಗರ್ ಗುಡ್ಡದ ಬುಡದಲ್ಲಿ ಅವನ ಪೇಂಟಿಂಗ್ ಅಂಗಡಿ. ಗೋಡೆಗೆ ಬಣ್ಣ ಹೊಡೆಸುವುದು, ಬೋರ್ಡು ಬರೆಸುವುದು ಅವನ ಕಸುಬು. ಚಿತ್ರ ಬಿಡಿಸಲು ಅವನಿಗೆ ಬಾರದು. ಬರುತ್ತಿದ್ದುದು ಅಂಬಿಕಾಳಿಗೆ. ಆರು ವರ್ಷಗಳಿಂದ ಅವಳು ಬಿಡಿಸಿದ ಪ್ರತಿ ಚಿತ್ರಕ್ಕೂ ಅವನೇ ಸಹಿ ಹಾಕುತ್ತಿದ್ದ. ಒಮ್ಮೆ ಅವಳು ಮೂಲೆಯಲ್ಲಿ ತನ್ನ ಹೆಸರು ಬರೆದಾಗ, ಅವಳೆದುರಿಗೇ ಅದರ ಮೇಲೆ ಕುಂಚ ಎಳೆದಿದ್ದ. ಗಿರಾಕಿಗಳು ಬಂದರೆ ಅವಳು ಕುಂಚ ತೊಳೆಯುವ ಹುಡುಗಿ. ಇಂಥವಳು ತಾನೇ ಬಣ್ಣ ಕೊಳ್ಳತೊಡಗಿದರೆ ಮುಂದೆ ತಾನೇ ಗಿರಾಕಿ ಹುಡುಕದೆ ಇರುತ್ತಾಳೆಯೆ?

“ಕಾಣಕೋಣದ ಆರ್ಡರ್ ಸಲುವಾಗಿ ತಂದೇನ್ರಿ,” ಎಂದಳು ಅಂಬಿಕಾ. ಹಾಳೆಯೊಂದನ್ನು ತೇವ ಮಾಡಿ, ಮೇಲೆ ಒಂದೇ ಹನಿ ಬಿಟ್ಟಳು. ನೇರಳೆ ಬಿರಿದು, ಕವಲೊಡೆದು, ಅಂಗೈಯಗಲ ಹರಡಿತು. ರೂಪಲಪ್ಪನ ಹುಬ್ಬು ತಾನಾಗಿ ಮೇಲೇರಿತು. ಅಂಥ ಹೊಳಪನ್ನು ಅವನು ಕಂಡಿರಲಿಲ್ಲ.

ಕಾಣಕೋಣದ ರೆಸಾರ್ಟೊಂದು ಹನ್ನೆರಡು ಸಮುದ್ರದ ಚಿತ್ರ ಕೇಳಿತ್ತು. ಊಟದ ಹಾಲಿನ ಉದ್ದ ಗೋಡೆಗೆ. ಗೋಡೆಯೆದುರು, ಪಶ್ಚಿಮದ ಬದಿಗೆ, ಇಡಿಯಾಗಿ ಗಾಜು.

ಮರುದಿನ ಅಂಗಡಿಯ ಕಿಟಕಿ ಸರಳಿಗೆ ಕಾಗದದ ಪಟ್ಟಿಗಳು ತೂಗಾಡಿದವು. ಎಲ್ಲದಕ್ಕೂ ಅದೇ ನೇರಳೆ. ಪ್ರತಿಯೊಂದರ ಅರ್ಧಕ್ಕೆ ಕಪ್ಪು ಕಾಗದದ ಮುಸುಕು.

“ಇದೇನ ತೋರಣ?”

“ಪರೀಕ್ಷೆರಿ. ಸುಮ್ನ ಹಚ್ಚೂದಕ್ಕಿಂತ ನೋಡಿ ಹಚ್ಚೂದು ಚಲೋ.”

“ಹೌದು. ದೊಡ್ಡ ಗಿರಾಕಿ ಅದಾರ.”

ಮೂರು ವಾರದ ನಂತರ ಪಟ್ಟಿಗಳು ಕಾಣಲಿಲ್ಲ.

“ಹೆಂಗಾತು ನಿನ್ನ ಪರೀಕ್ಷೆ?”

“ನಾ ಅಂದ್ಕೊಂಡಂಗ ಆತ್ರಿ.”

ಆದರೂ ರೂಪಲಪ್ಪನಿಗೆ ನೆಮ್ಮದಿಯಿಲ್ಲ. ಅಂಬಿಕಾ ಈಗೀಗ ಅವನಿಗಿಂತ ಅರ್ಧ ತಾಸು ಮೊದಲೇ ಬಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಚಿತ್ರಗಳ ನಕಲು ಮಾಡಿಕೊಳ್ಳುತ್ತಿರಬೇಕು ಅಂದುಕೊಂಡು ಒಂದು ಬೆಳಿಗ್ಗೆ ಅವನು ಸದ್ದಿಲ್ಲದೆ ಬಂದು ಬಾಗಿಲು ತಳ್ಳಿದ. ನಕಲೂ ಇಲ್ಲ, ಹೊರಗಿನ ಕೆಲಸವೂ ಇಲ್ಲ. ಅವಳು ಚಿತ್ರದ ಕೆಳಮೂಲೆಗೆ ಬಾಗಿ, ದಂಡೆಯ ಬಂಡೆಗೆ ದಟ್ಟವಾಗಿ ನೇರಳೆ ತುಂಬುತ್ತಿದ್ದಳು. ಹನ್ನೆರಡು ಚಿತ್ರಗಳಲ್ಲೂ ಅಂಥದೊಂದು ಬಂಡೆ. ಉಳಿದದ್ದೆಲ್ಲ ಹಳೆಯ ಬಣ್ಣದಲ್ಲೇ.

“ಸೀಸಿ ಬಣ್ಣ ಬರೇ ಕಲ್ಲಿಗೆ ಯಾಕ?”

“ಸಣ್ಣ ಸೀಸಿರಿ. ಅಷ್ಟಕ್ಕ ಸಾಲತೈತಿ.”

ಚಿತ್ರ ಮುಗಿದ ದಿನ ರೂಪಲಪ್ಪ ಅಂಗಿಯ ತೋಳು ಮಡಚಿಕೊಂಡು ಕುಳಿತ. “ಆ ಸೀಸಿ ಇತ್ತ ತಾ. ನನ್ನ ಹೆಸರು ಅದರಾಗ ಬರೀತೀನಿ.”

ಅಂಬಿಕಾ ತಡೆದಳು. “ಹೆಸರಿಗೆ ಅದು ಬ್ಯಾಡ್ರಿ. ಖಾಯಂ ಇಂಕ್ ಐತಿ, ಕೊಡತೇನಿ.”

“ಚಲೋ ಬಣ್ಣ ಕಲ್ಲಿಗೆ, ನನಗ ಬರೇ ಇಂಕ?”

ಎರಡನೆಯ ಸಲ ಅವಳು ಬೇಡವೆನ್ನಲಿಲ್ಲ. ಹನ್ನೆರಡು ಮೂಲೆಗಳಲ್ಲಿ, ಬಂಡೆಯ ಪಕ್ಕಕ್ಕೆ, ರೂಪಲಪ್ಪನ ಹೆಸರು ನೇರಳೆಯಲ್ಲಿ ಮಿನುಗಿತು.

ದೀಪಾವಳಿಗೆ ಚಿತ್ರಗಳು ಗೋಡೆ ಸೇರಿದವು. ಮಾರ್ಚಿನಲ್ಲಿ ರೆಸಾರ್ಟಿನ ಮ್ಯಾನೇಜರ್ ಪರ್ವೇಜ ಫೋನ್ ಮಾಡಿದ. ಅವನೂ ಇವರಂತೆ ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದವನೇ. “ನಾಳೆ ಬರ್ರಿ. ಊಟದ ಹಾಲಿಂದು ಮಾತಾಡೂದೈತಿ. ಆ ಚಿತ್ರ ಮಂದಿಗೆ ಭಾಳ ಸೇರ್ಯಾವು.”

ಅಂಬಿಕಾ ಎರಡು ದಿನದಿಂದ ರಜೆಯಲ್ಲಿದ್ದಳು. ಒಳ್ಳೆಯದೇ ಆಯಿತೆಂದು ರೂಪಲಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಒಬ್ಬನೇ ಹೊರಟ. ಹಾಲಿನಲ್ಲಿ ಊಟಕ್ಕೆ ಕುಳಿತಿದ್ದ ಪ್ರವಾಸಿಗಳತ್ತ ನಸುನಕ್ಕು, ಚಿತ್ರಗಳ ಕಡೆ ಕೈ ತೋರಿಸಿ, ಆಮೇಲೆ ಆ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡ. ಒಬ್ಬಾಕೆ ಚಪ್ಪಾಳೆಯನ್ನೂ ತಟ್ಟಿದಳು.

ನಂತರ ಅವನು ಮೊದಲ ಚಿತ್ರದ ಹತ್ತಿರ ಹೋದ.

ಸಮುದ್ರ ಹಾಗೆಯೇ ಇತ್ತು. ದೋಣಿಗಳೂ ಇದ್ದವು. ಅವನ ಹೆಸರು ಮಾತ್ರ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ನಾಲ್ಕು ತಿಂಗಳ ಇಳಿಬಿಸಿಲು ಗಾಜು ದಾಟಿ ಬಂದು ನೇರಳೆಯನ್ನೆಲ್ಲ ಕುಡಿದಿತ್ತು. ಬಂಡೆಗಳು ಮಾಸಲು ಮರಳಿನ ಬಣ್ಣಕ್ಕೆ ತಿರುಗಿದ್ದವು. ಪ್ರತಿ ಬಂಡೆಯ ಒಳಗಿನಿಂದ ಖಾಯಂ ಇಂಕಿನ ದುಂಡು ಅಕ್ಷರಗಳು ಎದ್ದು ಬಂದಿದ್ದವು: ಅಂಬಿಕಾ ಅಮೀನಪ್ಪ, ಮೋತಿ ಡೊಂಗರ್. ಕೆಳಗೆ ಹತ್ತಂಕಿಯ ಮೊಬೈಲ್ ನಂಬರ್.

“ಅವರಿಗೆ ಹೋದ ವಾರನ ಫೋನ್ ಮಾಡೇನ್ರಿ, ಇನ್ನೂ ಇಪ್ಪತ್ತು ಚಿತ್ರ ಒಪ್ಪಿಕೊಂಡಾರ,” ಎಂದ ಪರ್ವೇಜ. “ನಿಮ್ಮನ್ನ ಕರಸಿದ್ದು, ಅವು ಬರೂದರೊಳಗ ಗೋಡಿಗೆ ಸುಣ್ಣ ಹೊಡಸಾಕ.”