ಉಪ್ಪಿಲ್ಲದ ಐದು ತಿಂಗಳು

ಹೊಗೆನಕಲ್ಲಿನ ಮೀನಂಗಡಿ ಸಾಲಿನಲ್ಲಿ, ಮೂರನೆಯ ಬಾಣಲೆಯ ಮುಂದೆ, ಮುನಿರತ್ನಮ್ಮ ಗಂಡನನ್ನು ಹಿಡಿದಳು. ಕುಪ್ಪಸ್ವಾಮಿಯ ಬಾಯಿ ತುಂಬಾ ಮೀನು. ಬೆರಳ ತುದಿಯಲ್ಲಿ ಕೆಂಪು ಮಸಾಲೆ. ಓಡಲು ದಾರಿಯಿಲ್ಲ, ಹಿಂದೆ ಕಾವೇರಿ, ಮುಂದೆ ಹೆಂಡತಿ.

"ಕುರಿ ಯಾಪಾರಕ್ಕೆ ಓಯ್ತೀನಿ ಅಂದ್ರಲ್ಲ," ಎಂದಳು. "ಈ ಕುರಿಗೆ ಮುಳ್ಳು ಐತಲ್ಲ?"

ಅವನು ನುಂಗಲೂ ಆರದೆ, ಉಗುಳಲೂ ಆರದೆ ನಿಂತ.

ಅಂಗಡಿಯ ಗಣೇಶನ್‌ಗೆ ಇದೊಂದೂ ತಿಳಿಯದು. "ವಾಂಗಕ್ಕಾ, ಬನ್ನಿ! ಅಣ್ಣ ಬುಧವಾರ ತಪ್ಪಿಸೋದೇ ಇಲ್ಲ. ಅಂತೂ ಇವತ್ತು ಮನೆಯವ್ರೂ ಬಂದ್ರಲ್ಲ!" ಎನ್ನುತ್ತ ಬಿಸಿ ಮೀನಿನ ತಟ್ಟೆಯನ್ನು ಅವಳ ಕಡೆ ಚಾಚಿದ.

ಕುಪ್ಪಸ್ವಾಮಿ ಅಡ್ಡಗೈಯಿಂದ ತಟ್ಟೆಯನ್ನು ತಳ್ಳಿಬಿಟ್ಟ. ಮೀನು ಮಣ್ಣಿಗೆ ಬಿತ್ತು. "ಅವ್ಳಿಗೆ ಬ್ಯಾಡ!"

ಅದು ಅವಳ ಎದೆಗೆ ಚುಚ್ಚಿತು. ತಾನು ಕದ್ದು ತಿನ್ನಬಹುದು, ಕಟ್ಟಿಕೊಂಡವಳಿಗೆ ಒಂದು ತುಂಡೂ ಬೇಡವಂತೆ. ತಿನ್ನಲು ಅವಳು ಬಂದಿರಲಿಲ್ಲ, ಆ ಮಾತು ಬೇರೆ.

ಐದು ತಿಂಗಳ ಹಿಂದೆ ಮಾರಂಡಹಳ್ಳಿಯ ಶಾಲೆಯಲ್ಲಿ ವೈದ್ಯರ ಶಿಬಿರ ನಡೆದಾಗ ಗಂಡಹೆಂಡಿರಿಬ್ಬರೂ ರಕ್ತ ಕೊಟ್ಟು ಬಂದಿದ್ದರು. ಫಲಿತಾಂಶ ತರಲು ಹೋದ ಕುಪ್ಪಸ್ವಾಮಿ ಮುಖ ಬಾಡಿಸಿಕೊಂಡು ಹಿಂತಿರುಗಿದ. "ನನ್ ಕಿಡ್ನಿ ಸೋಲ್ತಾ ಐತಂತೆ. ಉಪ್ಪು ಬುಡ್ದೆ ಓದ್ರೆ ವರ್ಸದೊಳ್ಗೆ ಸೇಲಂನಾಗೆ ರಕ್ತ ತೊಳ್ಯೋ ಮಿಷಿನ್‌ಗೆ ಮಲಗ್ಬೇಕಂತೆ."

ಆ ವಾರದಿಂದ ಡಯಟೀಷಿಯನ್ ವಾಣಿ ಗುರುವಾರ ಗುರುವಾರ ಧರ್ಮಪುರಿಯಿಂದ ಮನೆಗೇ ಬರತೊಡಗಿದಳು. ಒಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕಲಿಸಿದಳು: ತರಕಾರಿ ಬೇಯಿಸಿ ಆ ನೀರು ಚೆಲ್ಲಬೇಕು, ಸಾರಿಗೆ ಉಪ್ಪಿನ ಬದಲು ಬೆಳ್ಳುಳ್ಳಿ, ಮೆಣಸು ಹಾಕಬೇಕು, ಉಪ್ಪಿನಕಾಯಿ, ಹಪ್ಪಳ ಮನೆಯಲ್ಲೇ ಇರಕೂಡದು. ಜೊತೆಗೆ ಬಂದ ನರ್ಸ್ ಸೂಜಿ ತೆಗೆದರೆ ಕುಪ್ಪಸ್ವಾಮಿ ಹೆದರಿ ಜಗಲಿಗೆ ಓಡುತ್ತಿದ್ದ. ಅವನಿಗೆ ಧೈರ್ಯ ಬರಲೆಂದು ಪ್ರತಿ ಸಲವೂ ಮುನಿರತ್ನಮ್ಮನೇ ಮೊದಲು ತೋಳು ಚಾಚಿ ಚುಚ್ಚಿಸಿಕೊಳ್ಳುತ್ತಿದ್ದಳು. ಆಮೇಲೆ ನರ್ಸ್ ಅವನನ್ನು ಹುಡುಕಿಕೊಂಡು ಜಗಲಿಗೆ ಹೋಗುತ್ತಿದ್ದಳು.

ಮುನಿರತ್ನಮ್ಮ ಅಲ್ಲಿಗೇ ನಿಲ್ಲಲಿಲ್ಲ. ಮಾದಪ್ಪನ ಮೇಲೆ ಆಣೆಯಿಟ್ಟಳು: ಗಂಡ ಬಿಟ್ಟ ಉಪ್ಪು ತನ್ನ ನಾಲಿಗೆಗೂ ಬೇಡ. ಹೇಗೂ ಅವನು ಉಂಡೆದ್ದ ಮೇಲೆ ಮಡಕೆಯಲ್ಲಿ ಉಳಿದದ್ದೇ ಅವಳ ಊಟ. ಮದುವೆಯಾಗಿ ಮೂವತ್ತು ವರ್ಷ, ತನ್ನೊಬ್ಬಳಿಗೆಂದು ಅವಳು ಒಲೆ ಹಚ್ಚಿದವಳೇ ಅಲ್ಲ.

ನಾದಿನಿಯ ಮನೆಯ ಮದುವೆಯಲ್ಲಿ, ಬಡಿಸಿದ ಎಲೆಯನ್ನೇ ಗಂಡನ ಮುಂದಿನಿಂದ ಎಳೆದು, ತಾನು ತಂದ ಸಪ್ಪೆ ಬುತ್ತಿಯನ್ನು ಬಿಚ್ಚಿಟ್ಟಳು. ಸಾಲಿಗೆ ಸಾಲೇ ತಿರುಗಿ ನೋಡಿತು.

"ಅತ್ಗೆ, ಊರೆಲ್ಲಾ ನಗ್ತಾ ಐತೆ!" ಎಂದು ನಾದಿನಿ ಹಲ್ಲು ಕಚ್ಚಿದಳು.

"ನಗ್ಲಿ. ನಗೋರ್ ಯಾರೂ ನನ್ ಜೊತೆ ಸೇಲಂ ಬಸ್ ಅತ್ತಾಕಿಲ್ಲ."

ಇಷ್ಟೆಲ್ಲ ಕಾವಲಿದ್ದೂ, ಬುಧವಾರದ ಅಂಗಿ ಮೀನು ಹುರಿದ ಎಣ್ಣೆಯ ವಾಸನೆ ಬೀರತೊಡಗಿತ್ತು. ಅವನ ಚಿಂತೆಯಲ್ಲಿ ಅವಳ ಊದಿದ ಮೈ ಇಳಿದು ಕಾಲುಂಗುರ ಸಡಿಲವಾಗಿತ್ತು. ಅವನ ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಈ ಬುಧವಾರ ಅವಳು ಅವನ ಬಸ್ಸಿನ ಹಿಂದೆ ಬಂದ ಬಸ್ಸಿಗೆ ಹತ್ತಿದ್ದು ಅದಕ್ಕೇ.

ವಾಪಸು ಬರುವಾಗ ಪೆನ್ನಾಗರಂ ದಾಟುವವರೆಗೂ ಅವಳ ಬಾಯಿ ನಿಲ್ಲಲಿಲ್ಲ. "ಮಿಷಿನ್ ಮ್ಯಾಲೆ ಅಷ್ಟು ಆಸೆಯಾ ನಿಮ್ಗೆ?"

"ಓದ್ ವರ್ಸ ಬೀಪಿ ಐತೆ, ಉಪ್ಪು ಬುಡು ಅಂತ ಡಾಕ್ಟ್ರು ನಿಂಗೂ ಚೀಟಿ ಬರ್ಕೊಟ್ಟಿದ್ರು," ಎಂದ ಕುಪ್ಪಸ್ವಾಮಿ. "ನೀನದ್ನ ಒಲೇಗಾಕ್ದೆ. ನಂಗೊಬ್ನಿಗೇ ಯಾಕೆ ಈ ಕಾವ್ಲು?"

"ನನ್ ಜೀವ ಓದ್ರೆ ಓಯ್ತು. ನನ್ನೊಬ್ಳಿಗೆ ಯಾವೋಳು ಬೇರೆ ಮಡ್ಕೆ ಇಡ್ತಾಳೆ? ನಿಮ್ ಜೀವ ಮಾತ್ರ ಬುಟ್ಕೊಡಾಕಿಲ್ಲ. ಯಮ ಬಂದ್ರೂ ಬಾಗ್ಲಲ್ಲೇ ನಿಲ್ಲುಸ್ತೀನಿ."

ಅವನು ಕಿಟಕಿಯ ಕಡೆ ತಿರುಗಿಕೊಂಡ. ಊರು ಬರುವವರೆಗೂ ಈ ಕಡೆ ತಿರುಗಲಿಲ್ಲ.

ಮರುದಿನ ಗುರುವಾರ. ವಾಣಿ ಚಪ್ಪಲಿ ಬಿಡುವ ಮೊದಲೇ ನಕ್ಕಳು. "ಅಕ್ಕಾ, ಒಳ್ಳೇ ಸುದ್ದಿ. ರಿಪೋರ್ಟ್ ಬಂದೈತೆ. ಕಿಡ್ನಿ ಸೋಲೋದು ನಿಂತೈತೆ. ಇಂಗೇ ನಡೆಸ್ಕೊಂಡು ಓದ್ರೆ ಮಿಷಿನ್ ಮಾತೇ ಬ್ಯಾಡ."

"ಸುಳ್ಳು!" ಮುನಿರತ್ನಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಳು. "ವಾರವಾರ ಬಾಣ್ಲೆ ಮುಂದೆ ಕೂತವ್ರೆ ಇವ್ರು. ಕಣ್ಣಾರೆ ಕಂಡೆ. ಉಪ್ಪು, ಕಾರ, ಎಣ್ಣೆ, ಎಲ್ಲಾ! ಎಂಗೆ ವಾಸಿಯಾಯ್ತದೆ? ಯಾರ್ದೋ ಪೇಪರ್ ತಂದು ನನ್ ಕಣ್ಣಿಗೆ ಮಣ್ಣಾಕ್ತಿದ್ದೀಯಾ ತಾಯಿ?"

ವಾಣಿಯ ನಗು ಆರಿತು. "ಇರ್ಲಿ ಬುಡಿ ಅಕ್ಕಾ. ವಾಸಿಯಾಯ್ತಲ್ಲ, ಸಾಕಲ್ವಾ?"

"ಬುಡಾಕಿಲ್ಲ. ನಂಗೆ ಇಂಗ್ಲೀಷ್ ಬರಾಕಿಲ್ಲ ಅಂತ ತಾನೆ ಈ ಆಟ? ಈ ಐದು ತಿಂಗ್ಳು ನಾನು ಉಪ್ಪು ಮುಟ್ಟಿಲ್ಲ, ಜನ ನಕ್ರೂ ತಲೆ ತಗ್ಸಿಲ್ಲ. ನಿಜ ಕೇಳೋ ಅಕ್ಕು ನಂಗೈತೆ. ಮ್ಯಾಲಿಂದ ಓದು. ಒಂದಕ್ಷರ ಬುಡ್ಬ್ಯಾಡ."

ವಾಣಿ ಕುಪ್ಪಸ್ವಾಮಿಯ ಮುಖ ನೋಡಿದಳು. ಅವನು ಗೋಡೆಗೊರಗಿ ಉದ್ದಕ್ಕೆ ಉಸಿರುಬಿಟ್ಟ.

"ಓದಮ್ಮ," ಎಂದ. "ಗೆದ್ದಾಯ್ತಲ್ಲ, ಇನ್ನೇನು."

ವಾಣಿ ಹಾಳೆ ಬಿಚ್ಚಿ ಮೊದಲ ಸಾಲಿಗೆ ಬೆರಳಿಟ್ಟಳು. "ಪೇಷೆಂಟ್ ಹೆಸ್ರು, ಮುನಿರತ್ನಮ್ಮ. ಹೆಣ್ಣು. ವಯಸ್ಸು ಐವತ್ತೆರಡು."