ಯಾನ್ ಸಾಹೇಬರ ಓಟ

ನೂರು ಕಿಲೋಮೀಟರಿನ ಓಟದಲ್ಲಿ ಅರವತ್ತೊಂದನೆಯದು ನಡೆಯುತ್ತಿತ್ತು. ಏರಿನ ನಟ್ಟನಡುವೆ ಕೌ ದೆಲಿನ್‌ನ ಫೋನು ಒಂಬತ್ತನೆಯ ಸಲ ಬಡಿದುಕೊಂಡಿತು.

“ಲಾವ್ ಕೌ, ನಾನ್ಯಾಕೆ ಇಷ್ಟು ನಿಧಾನ ಆದೆ?” ಎಂದರು ಯಾನ್ ಸಾಹೇಬರು. ಹಳೆಯ ಆಳನ್ನು ಅವರು ಸಲಿಗೆಯಿಂದ ‘ಲಾವ್’ ಸೇರಿಸಿಯೇ ಕರೆಯುತ್ತಿದ್ದರು.

“ಏರು ಬಂತು ಸಾಹೇಬ್ರೇ.”

“ಏರು ಎಲ್ರಿಗೂ ಇರುತ್ತಪ್ಪ. ಬೆಳಿಗ್ಗೆ ಕಿಲೋಮೀಟರಿಗೆ ಎಂಟು ನಿಮಿಷ ಇದ್ದೆ, ಈಗ ಹದಿನಾಲ್ಕು ತೋರಿಸ್ತಿದೆ. ಸ್ನೇಹಿತರೆಲ್ಲ ಫೋನಿನ ನಕ್ಷೆ ಮೇಲೆ ನನ್ನ ಚುಕ್ಕೀನೇ ನೋಡ್ತಾ ಕೂತಿದಾರೆ. ಓಡೋಕೆ ಹೋಗಿದೀನಿ ಅಂತ ಊರಿಗೆಲ್ಲ ಹೇಳಿ, ಇಲ್ಲಿ ಕೋಣೆ ಬಾಗಿಲು ಹಾಕ್ಕೊಂಡು ಕೂತಿದೀನಿ. ನನ್ನ ಕಷ್ಟ ನಿನಗೆ ಗೊತ್ತಾಗಲ್ಲ.”

ಕೌನ ಎರಡು ಕೈಗೂ ಒಂದೊಂದು ಗಡಿಯಾರವಿತ್ತು. ಎಡಗೈಯದು ಅವನದೇ, ಹಳೆಯದು. ದಾರಿಯ ಗೆರೆಯನ್ನೂ ಓಟದ ವೇಗವನ್ನೂ ಅವನೊಬ್ಬನಿಗೆ ಮಾತ್ರ ತೋರಿಸುತ್ತಿತ್ತು. ಬಲಗೈಯದು ಯಾನ್ ಸಾಹೇಬರದು. ಇದ್ದ ಜಾಗವನ್ನು ತಾನೇ ಊರೂರಿಗೆ ಸಾರುವಂಥದು. ಓಟದ ಪಟ್ಟಿಯಲ್ಲಿ ಸಾಹೇಬರ ಹೆಸರಿತ್ತು, ಬಂದದ್ದು ಗಡಿಯಾರ ಮಾತ್ರ. “ಹೇಗೂ ನೀನು ಅಲ್ಲಿಗೇ ಹೋಗ್ತೀಯಲ್ಲ, ಇದೂ ಒಂದು ಕೈಮೇಲಿರಲಿ” ಎಂದಿದ್ದರು. ಅವರ ಬೀಗದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಇಲ್ಲವೆನ್ನಲು ಬಾಯಿ ಬಂದಿರಲಿಲ್ಲ. ಈಗ ಎಡಗೈ ನಿಧಾನ ಎನ್ನುತ್ತಿತ್ತು, ಬಲಗೈಯ ಒಡೆಯರು ಬೇಗ ಎನ್ನುತ್ತಿದ್ದರು. ಆರು ತಿಂಗಳು ಕೂತು ಹಾಕಿಕೊಂಡ ವೇಗದ ಲೆಕ್ಕವೆಲ್ಲ ಮಧ್ಯಾಹ್ನದೊಳಗೇ ಮಣ್ಣುಪಾಲಾಗಿತ್ತು.

ಸಾಹೇಬರಿಗೆ ಹೂಂಗುಟ್ಟುತ್ತಲೇ ಮಂಜಿನೊಳಗೆ ಅವನು ತಪ್ಪು ಕವಲು ಹಿಡಿದಿದ್ದ. ಎಡಗೈಯ ಗಡಿಯಾರ ನಡುಗಿ ಎಚ್ಚರಿಸಿತು. ತನ್ನನ್ನೇ ಬೈದುಕೊಳ್ಳುತ್ತ ಹಿಂದಕ್ಕೆ ತಿರುಗಿದಾಗ ಬಿದಿರುಮೆಳೆಯ ಬುಡದಲ್ಲಿ ಒಬ್ಬ ಹೆಂಗಸು ಕೂತಿರುವುದು ಕಂಡಿತು. ಅರವತ್ತರ ಹತ್ತಿರದ ವಯಸ್ಸು, ಎದೆಯ ಮೇಲೆ ಓಟದ ಚೀಟಿ. ಅವಳೂ ದಾರಿ ತಪ್ಪಿದವಳು. ಹಲ್ಲು ಕಟಕಟಿಸುತ್ತಿದ್ದವು.

“ನೀನು ಹೋಗಪ್ಪ” ಎಂದಳು. “ನನ್ನಿಂದ ನಿನ್ನ ಹೊತ್ತು ಹಾಳು.”

“ನನ್ನ ಹೊತ್ತು ಹಾಳುಮಾಡೋಕೆ ಬೇರೆಯವರು ಇದಾರೆ, ನೀವು ಸುಮ್ನಿರಿ” ಎಂದು ಕೌ ಅವಳ ಕೈ ಹಿಡಿದ. ಹಿಡಿದವನು ಬಿಡಲಿಲ್ಲ. ಹೋದ ಚಳಿಗಾಲ ಅವನ ಹೆಂಡತಿಯ ಕೈ ತಣ್ಣಗಾದದ್ದು ಹೀಗೆಯೇ, ಬೆರಳ ತುದಿಯಿಂದ. ತನ್ನ ಅಂಗಿಯನ್ನು ಬಿಚ್ಚಿ ಅವಳಿಗೆ ಹೊದಿಸಿದ, ಅದರ ಮೇಲೆ ಚೀಲದಲ್ಲಿದ್ದ, ಮೈಶಾಖ ಹಿಡಿದಿಡುವ ಬೆಳ್ಳಿಹಾಳೆಯ ಹೊದಿಕೆ ಸುತ್ತಿದ. ರಕ್ಷಣೆಯವರ ಸಂಖ್ಯೆಗೆ ಫೋನು ಮಾಡಿದರೆ ಸಾಲಿನಲ್ಲಿರಿ ಎಂದು ಸಂಗೀತ ಬರುತ್ತಿತ್ತು. ಫೋನಿನಲ್ಲಿ ನೂರಕ್ಕೆ ಒಂದಂಶ ಜೀವ ಉಳಿದಿತ್ತು. ಮಿಕ್ಕದ್ದನ್ನೆಲ್ಲ ಸಾಹೇಬರ ಕರೆಗಳು ಕುಡಿದಿದ್ದವು.

ಅಷ್ಟರಲ್ಲಿ ಹತ್ತನೆಯ ಕರೆ ಬಂತು.

“ಲಾವ್ ಕೌ, ನಾನು ನಿಂತೇಬಿಟ್ಟೆನಲ್ಲೋ. ಹನ್ನೆರಡು ನಿಮಿಷ ಆಯ್ತು. ನನ್ನ ಸ್ನೇಹಿತ ಲು ಆಗಲೇ ಕೇಳ್ತಿದಾನೆ, ಯಾನ್ ಮಲಗಿಬಿಟ್ನಾ ಅಂತ.”

“ಸಾಹೇಬ್ರೇ, ಬಾಯಿ ಮುಚ್ಚಿಕೊಂಡು ಕೇಳಿ” ಎಂದ ಕೌ. ಇಪ್ಪತ್ತು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. “ಇಲ್ಲೊಬ್ರು ಚಳಿಗೆ ಸಾಯ್ತಿದಾರೆ. ನಿಮ್ಮ ಗಡಿಯಾರ ಅವರ ಕೈಗೆ ಕಟ್ತೀನಿ. ಆ ಚುಕ್ಕಿ ಇರೋ ಕಡೆ ನಾವಿದೀವಿ ಅಂತ ಗೊತ್ತಿರೋದು ನಿಮಗೊಬ್ಬರಿಗೇ. ರಕ್ಷಣೆಯವರಿಗೆ ಫೋನ್ ಮಾಡಿ ಆ ಚುಕ್ಕಿ ತೋರಿಸಿ.”

“ನಾನಾ? ನಾನೇ ಅಲ್ಲಿರುವಾಗ ಇಲ್ಲಿಂದ ಹೇಗಯ್ಯಾ ಫೋನ್ ಮಾಡ್ಲಿ? ನೀನು ಒಂದ್ಸಲ ಯೋಚನೆ...”

ಫೋನು ಸತ್ತಿತು.

ಕೌ ಸಾಹೇಬರ ಗಡಿಯಾರವನ್ನು ಅವಳ ಕೈಗೆ ಕಟ್ಟಿ, ಅವಳನ್ನು ಎದೆಗೊರಗಿಸಿಕೊಂಡು ಬೆನ್ನು ತಿಕ್ಕುತ್ತ ಕೂತ. ಮೈಮೇಲಿನ ಬೆವರು ಮಂಜುಗಡ್ಡೆಯಂತಾಯಿತು. ದೇವರನ್ನು ನೆನೆಯೋಣವೆಂದರೆ ನಾಲಗೆಗೆ ಸಾಹೇಬರ ಹೆಸರೇ ಬರುತ್ತಿತ್ತು, ಅದೂ ಬೈಗುಳದ ಜೊತೆಗೆ. ಮರ್ಯಾದೆ ದೊಡ್ಡದೋ, ಈ ಮುದುಕಿಯ ಜೀವ ದೊಡ್ಡದೋ ಎಂದು ಆ ಮನುಷ್ಯ ಬಾಗಿಲು ಹಾಕಿಕೊಂಡು ತೂಗುತ್ತಿರಬೇಕು. ಅರ್ಧ ಗಂಟೆಯಾಯಿತು. ಮತ್ತೂ ಒಂದಿಷ್ಟು ಹೊತ್ತಾಯಿತು. ಅವಳ ಮಾತು ತೊದಲತೊಡಗಿತು.

ಆಗ ಕೆಳಗಿನಿಂದ ಕೂಗು ಕೇಳಿಸಿತು. “ಯಾನ್ ಸಾಹೇಬ್ರೇ! ಯಾನ್ ಸಾಹೇಬ್ರೇ!”

“ಇಲ್ಲಿ” ಎಂದ ಕೌ.

ಕೆಂಪು ಅಂಗಿಯ ಮೂವರು ಮಂಜನ್ನು ಸೀಳಿಕೊಂಡು ಬಂದರು. ಮುಂದಿದ್ದವನು ಏದುಸಿರಿನಲ್ಲೇ ನಕ್ಕ. “ಅಂತೂ ಸಿಕ್ರಿ. ನಿಮ್ಮ ಮನೆಯವರು ಫೋನ್ ಮಾಡಿ ಒಂದೇ ಅಳು, ಪಕ್ಕದಲ್ಲಿ ಯಾರೋ ಗಂಡಸರು ಮಾತು ಹೇಳಿಕೊಡ್ತಿದ್ರು. ‘ನಮ್ಮವರು ಬಿದ್ದವರನ್ನ ಬಿಟ್ಟು ಬರೋ ಜಾತಿ ಅಲ್ಲ, ಓಟ ಹೋದ್ರೂ ಅಲ್ಲೇ ಕೂತಿರ್ತಾರೆ, ಬೇಗ ಹೋಗಿ’ ಅಂದ್ರು. ನೀವೇ ತಾನೇ ಯಾನ್ ಸಾಹೇಬ್ರು? ಇಲ್ಲಾ ಅವರು ಬೇರೆ ಎಲ್ಲಾದ್ರೂ ಇದಾರಾ? ಹಾಗಾದ್ರೆ ನಮ್ಮಲ್ಲೊಬ್ರು ಮುಂದೆ ಹುಡುಕ್ಬೇಕು.”

ಹೊರುವುದಕ್ಕೆ ಮೂವರೂ ಬೇಕಿತ್ತು. ಕೌ ಹೆಂಗಸಿನ ಮುಖ ನೋಡಿದ.

“ನಾನೇ” ಎಂದ. “ಮೊದಲು ಇವರನ್ನ ಎತ್ತಿ.”

ಅವಳಿಗೆ ಬಿಸಿ ಶುಂಠಿನೀರು ಕುಡಿಸಿದರು, ಕಂಬಳಿ ಸುತ್ತಿದರು, ಡೋಲಿಯ ಮೇಲೆ ಮಲಗಿಸಿದರು. ಇಳಿಜಾರಿನಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ತುಟಿಗೆ ಬಣ್ಣ ಬಂತು. ಪಕ್ಕದಲ್ಲಿ ನಡುಗುತ್ತ ಬರುತ್ತಿದ್ದ ಕೌನ ಬೆರಳುಗಳನ್ನು ಕಂಬಳಿಯೊಳಗಿನಿಂದ ಕೈ ಚಾಚಿ ಹಿಡಿದುಕೊಂಡಳು.

“ಯಾನ್ ಸಾಹೇಬ್ರೇ” ಎಂದಳು, “ಬದುಕಿರೋವರೆಗೂ ದಿನಾ ಬೆಳಿಗ್ಗೆ ನಿಮ್ಮ ಹೆಸರು ಹೇಳಿ ಕರುಣಾದೇವಿ ಗ್ವಾನ್‌ಯಿನ್ ತಾಯಿಗೆ ಊದುಬತ್ತಿ ಹಚ್ತೀನಿ.”